ಕಂಠದಾನ

ಚಲಚ್ಚಿತ್ರಕಲೆಯು ನಮ್ಮ ನಾಡಿಗೆ ಬಂದಮೇಲೆ ಕನ್ನಡದಲ್ಲಿ ಹುಟ್ಟಿದ ಹೊಸ ಮಾತುಗಳು ಹಲವು. ಅವುಗಳಲ್ಲಿ ಹೆಚ್ಚಿನವು ಇಂಗ್ಲಿಷಿನ ನೆರಳುಗಳು. ಕೆಲವು ಮಾತ್ರ ನಮ್ಮ ಜನರ ಧರ್ಮಬುದ್ಧಿಯಿಂದಲೇ ಮೂಡಿದವು. ಅಂಥ ಸುದೈವದ ಮಾತುಗಳಲ್ಲಿ ‘ಕಂಠದಾನ’ ಎಂಬುದೊಂದು. ಬೆಳ್ಳಿತೆರೆಯ ಮೇಲೆ ಒಬ್ಬನ ತುಟಿಗಳು ಅಲುಗುತ್ತಿರುವಾಗ, ಮರೆಯಲ್ಲಿ ನಿಂತ ಮತ್ತೊಬ್ಬನು ಅವನಿಗಾಗಿ ನುಡಿಯುವ ಅಥವಾ ಹಾಡುವ ಕೆಲಸಕ್ಕೆ ಇಂಗ್ಲಿಷಿನವರು ಇಟ್ಟುಕೊಂಡ ಹೆಸರು ಒಂದು ಯಂತ್ರಕ್ರಿಯೆಯ ಹೆಸರು. ನಾವು ಅದನ್ನು ದಾನವೆಂದು ಕರೆದೆವು. ಹಾಗೆ ಕರೆದವರು ಯಾರೋ ತಿಳಿಯದು; ಆದರೆ ಕಂಠವು ಕೊಡತಕ್ಕ ವಸ್ತುವೇ ಹೊರತು ಎತ್ತಿಕೊಳ್ಳತಕ್ಕ ವಸ್ತುವಲ್ಲವೆಂಬ ಭಾವನೆ ಆ ಹೆಸರಿನೊಳಗೆ ಅಡಗಿದೆ.

ದಾನವೆಂದಮೇಲೆ ಅಲ್ಲಿ ಕೊಡುವವನೊಬ್ಬನು, ಕೊಳ್ಳುವವನೊಬ್ಬನು, ಕೊಡಲ್ಪಡುವ ವಸ್ತುವೊಂದು ಇರಬೇಕಷ್ಟೆ. ಈಗ ಕೆಲವು ವರ್ಷಗಳಿಂದ ಒಂದು ಹೊಸ ಯಂತ್ರವಿದ್ಯೆಯು ಬಳಕೆಗೆ ಬಂದಿದೆ. ಅದು ಈ ಮೂರರಲ್ಲಿ ಮೊದಲನೆಯವನನ್ನು ಬಿಟ್ಟು, ಉಳಿದೆರಡರಿಂದಲೇ ಕೆಲಸವನ್ನು ಮುಗಿಸಬಲ್ಲುದು. ದಾತನಿಲ್ಲದ ದಾನವುಂಟೆ? ಉಂಟಾದರೆ ಅದಕ್ಕೆ ಯಾವ ಹೆಸರು? ಈ ಪ್ರಶ್ನೆಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ. ವಿಷಯವು ಮೊದಲ ನೋಟಕ್ಕೆ ಹುಡುಗರ ಆಟದ್ದೆಂದು ತೋರಬಹುದು. ಆದರೆ ಧರ್ಮಸೂಕ್ಷ್ಮಗಳು ಆಟದ ಹಲಗೆಯ ಮೇಲೆಯೂ ಹುಟ್ಟುತ್ತವೆಂಬುದನ್ನು ಮಹಾಭಾರತವನ್ನು ಓದಿದವರಿಗೆ ಹೇಳಬೇಕಾದುದಿಲ್ಲ.

ಮೊದಲು ಸಂಗತಿಯನ್ನು ತಿಳಿಯೋಣ. ಈಗಿನ ಕಂಪ್ಯೂಟರ್ ಆಟಗಳಲ್ಲಿ ಕೆಲವು ಚದುರಂಗ ಪಗಡೆಗಳಂಥವಲ್ಲ. ಓದುಗನೇ ಕಾದಂಬರಿಯ ಒಳಹೊಕ್ಕು ನಡೆದಾಡಿದಂಥವು. ಅಲ್ಲಿ ಊರುಗಳಿವೆ, ಸಂತೆಗಳಿವೆ, ಎದುರಾಗಿ ಮಾತನಾಡುವ ಪಾತ್ರಗಳಿವೆ. ಅಮೆರಿಕದ ಬೆಥೆಸ್ಡ ಸಂಸ್ಥೆಯವರು ೨೦೧೧ರಲ್ಲಿ ಹೊರತಂದ ‘ಸ್ಕೈರಿಮ್’ ಎಂಬ ಆಟದಲ್ಲಿ ಪಾತ್ರಗಳಾಡುವ ಮಾತುಗಳು ಹತ್ತಾರು ಸಾವಿರ. ಅವೆಲ್ಲವನ್ನೂ ನಟನಟಿಯರು ಸ್ಟುಡಿಯೋದಲ್ಲಿ ಕುಳಿತು ನುಡಿದುಕೊಟ್ಟರು. ಇಂಥ ಆಟಗಳನ್ನು ಮೆಚ್ಚಿದ ಹವ್ಯಾಸಿಗಳು ಅವುಗಳೊಳಗೆ ತಮ್ಮದೇ ಹೊಸ ಊರನ್ನೋ ಹೊಸ ಕಥೆಯನ್ನೋ ಸೇರಿಸಿ, ಬಹುಮಟ್ಟಿಗೆ ಹಣವನ್ನಪೇಕ್ಷಿಸದೆ, ಇತರ ಆಟಗಾರರಿಗೆ ಹಂಚುವ ಪದ್ಧತಿಯುಂಟು. ಹೀಗೆ ಸೇರಿಸಿದ ಭಾಗಕ್ಕೆ ‘ಮಾಡ್’ ಎಂದು ಹೆಸರು. ನಮ್ಮ ಹಿಂದಿನ ಪ್ರಸಂಗಕರ್ತರು ಭಾರತದ ಒಂದು ಎಳೆಯನ್ನು ಹಿಡಿದು ಹೊಸ ಪ್ರಸಂಗವನ್ನು ಕಟ್ಟಿದಂತೆಯೇ ಇದೂ ಎನ್ನಬಹುದು. ಹವ್ಯಾಸವು ನಿಂದ್ಯವಲ್ಲ, ಅದರಲ್ಲಿ ಶ್ರಮವಿದೆ, ಔದಾರ್ಯವಿದೆ, ಕಲ್ಪನೆಯಿದೆ.

ತೊಡಕು ಬರುವುದು ಪಾತ್ರಗಳು ಬಾಯಿತೆರೆಯಬೇಕಾದಾಗ. ಹೊಸ ಕಥೆಗೆ ಹೊಸ ಮಾತು ಬೇಕು. ಹಳೆಯ ಪಾತ್ರವೇ ಆ ಮಾತನ್ನು ಆಡಬೇಕು. ಆ ಪಾತ್ರಕ್ಕೆ ಧ್ವನಿಯನ್ನಿತ್ತ ನಟನು ದೂರದೇಶದಲ್ಲಿರುವನು. ಹಿಂದೆಲ್ಲ ಹವ್ಯಾಸಿಗಳು ತಾವೇ ಮಾತನಾಡುತ್ತಿದ್ದರು, ಅಥವಾ ಅಕ್ಷರಗಳನ್ನು ತೆರೆಯ ಮೇಲೆ ತೋರಿಸಿ ಸುಮ್ಮನಾಗುತ್ತಿದ್ದರು. ಈಗ ಕೃತಕ ಬುದ್ಧಿಯ ಯಂತ್ರಕ್ಕೆ ಆ ನಟನ ಹಳೆಯ ಮಾತುಗಳನ್ನು ಕೇಳಿಸಿದರೆ, ಅದು ಅವನ ಸ್ವರದ ಏರಿಳಿತ, ಒತ್ತು, ಉಸಿರು, ಲಯಗಳನ್ನು ಕಲಿತುಕೊಂಡು, ಅವನು ಎಂದೂ ಆಡದ ವಾಕ್ಯವನ್ನು ಅವನ ಕಂಠದಲ್ಲಿಯೇ ಆಡಿ ತೋರಿಸುವುದು. ೨೦೨೩ರ ಜನವರಿಯಲ್ಲಿ ಮೈಕ್ರೊಸಾಫ್ಟ್ ಸಂಸ್ಥೆಯ ಸಂಶೋಧಕರು ಪ್ರಕಟಿಸಿದ ‘ವಾಲ್-ಇ’ ಎಂಬ ಯಂತ್ರಕ್ಕೆ ಮೂರೇ ಸೆಕೆಂಡುಗಳ ಮಾದರಿ ಸಾಕೆಂದು ಹೇಳಲಾಯಿತು. ಮೂರು ಸೆಕೆಂಡುಗಳೆಂದರೆ ಬಾಗಿಲಲ್ಲಿ ನಿಂತು ‘ಯಾರು ಬಂದವರು, ಒಳಗೆ ಬನ್ನಿ’ ಎನ್ನುವಷ್ಟು ಹೊತ್ತು.

‘ದಿ ವಿಚರ್ ೩’ ಎಂಬುದು ಪೋಲೆಂಡಿನವರು ೨೦೧೫ರಲ್ಲಿ ಹೊರತಂದ ಆಟ. ಅದರ ನಾಯಕ ಗೆರಾಲ್ಟನಿಗೆ ಇಂಗ್ಲಿಷಿನಲ್ಲಿ ಧ್ವನಿಯಿತ್ತವರು ಡಗ್ ಕಾಕಲ್ ಎಂಬ ನಟರು. ೨೦೨೧ರಲ್ಲಿ ಹವ್ಯಾಸಿಯೊಬ್ಬರು ಆ ಆಟಕ್ಕೆ ಒಂದು ಹೊಸ ಕಥಾಭಾಗವನ್ನು ಸೇರಿಸಿದರು. ಅದರಲ್ಲಿ ಗೆರಾಲ್ಟನು ಹೊಸ ಮಾತುಗಳನ್ನಾಡುತ್ತಾನೆ. ಕಾಕಲ್ ಅವರು ಅವುಗಳಲ್ಲಿ ಒಂದನ್ನೂ ಆಡಿದವರಲ್ಲ. ಕೇಳಿದವರಲ್ಲಿ ಕೆಲವರು ಬೆರಗಾದರು. ಧ್ವನಿನಟರಲ್ಲಿ ಕೆಲವರು ನೊಂದರು. ಎರಡು ವರ್ಷಗಳ ತರುವಾಯ, ೨೦೨೩ರಲ್ಲಿ, ಸ್ಕೈರಿಮ್ ಆಟದ ಅಶ್ಲೀಲವಾದ ಮಾಡ್‌ಗಳಲ್ಲಿ ತಮ್ಮ ಕಂಠಗಳನ್ನು ಯಂತ್ರದಿಂದ ಅನುಕರಿಸಲಾಗಿದೆಯೆಂದು ನಟನಟಿಯರು ಬಹಿರಂಗವಾಗಿಯೇ ದೂರಿದರು. ತಾವು ಆಡಲು ಎಂದೂ ಒಪ್ಪದಂಥ ಮಾತು ತಮ್ಮದೇ ದನಿಯಲ್ಲಿ ಊರೂರು ಸುತ್ತುತ್ತಿರುವುದನ್ನು ಕೇಳಿದವರ ಸ್ಥಿತಿಯನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ.

ಇನ್ನು ಪೂರ್ವಪಕ್ಷವನ್ನು ನ್ಯಾಯವಾಗಿ ಕೇಳಬೇಕು. ಹವ್ಯಾಸಿಗಳ ಪರವಾಗಿ ಮುಖ್ಯವಾಗಿ ಮೂರು ಮಾತುಗಳನ್ನು ಹೇಳಬಹುದು.

ಮೊದಲನೆಯದು: ಇದರಲ್ಲಿ ಯಾರೂ ಏನನ್ನೂ ಕಳೆದುಕೊಳ್ಳಲಿಲ್ಲ. ಚಿಕ್ಕಮಗಳೂರು ಸೀಮೆಯವರಾದ ನಮಗೆ ಈ ವಾದದ ಬಲವನ್ನು ಬೇರೆ ಯಾರೂ ಕಲಿಸಬೇಕಾಗಿಲ್ಲ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಅವರು ಯೆಮನ್ ದೇಶದ ಮೋಖಾ ರೇವಿನಿಂದ ಏಳು ಕಾಫಿ ಬೀಜಗಳನ್ನು ಗುಟ್ಟಾಗಿ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂದು ಐತಿಹ್ಯವಿದೆ. ಮೊಳೆಯುವ ಬೀಜವನ್ನು ಹೊರಗೆ ಬಿಡಬಾರದೆಂಬ ಕಟ್ಟನ್ನು ಅರಬ್ಬರು ಮಾಡಿಕೊಂಡಿದ್ದರು. ಆ ಕಟ್ಟು ಮುರಿಯಿತು. ಆದರೆ ಯೆಮನ್ನಿನಲ್ಲಿ ಒಂದು ಗಿಡವೂ ಕಡಮೆಯಾಗಲಿಲ್ಲ. ಇಂದು ಬಾಬಾಬುಡನ್‌ಗಿರಿಯಿಂದ ಮೂಡಿಗೆರೆ ಕಳಸಗಳವರೆಗೆ ಸಾವಿರಾರು ಸಂಸಾರಗಳು ಆ ಬೀಜದ ಋಣದಲ್ಲಿವೆ. ಆ ಏಳು ಬೀಜಗಳನ್ನು ಪುಣ್ಯವೆಂದು ಎಣಿಸುವ ನಾವು, ಒಂದು ದನಿಯ ಪ್ರತಿಯನ್ನು ಮಾಡಿಕೊಂಡವನನ್ನು ಕಳ್ಳನೆನ್ನಬಹುದೆ?

ಎರಡನೆಯದು: ಅನುಕರಣವು ಕಲೆಯ ತಾಯಿಬೇರು. ತೊಗಲುಗೊಂಬೆಯಾಟದವನು ಪರದೆಯ ಹಿಂದೆ ಕುಳಿತು ರಾಮನಾಗಿಯೂ ರಾವಣನಾಗಿಯೂ ಮಾತನಾಡುವನು. ಮಳೆಗಾಲದಲ್ಲಿ ಮೇಳಗಳ ತಿರುಗಾಟ ನಿಂತಾಗ ನಮ್ಮ ಮಲೆನಾಡಿನ ಮನೆಯ ಜಗಲಿಗಳಲ್ಲಿ ನಡೆಯುವ ತಾಳಮದ್ದಲೆಯಲ್ಲಿ, ಅರ್ಥಧಾರಿಗಳು ಕವಿ ಬರೆಯದ ಮಾತುಗಳನ್ನು ಕರ್ಣನ ಬಾಯಲ್ಲಿಯೂ ಕೃಷ್ಣನ ಬಾಯಲ್ಲಿಯೂ ಆಡಿಸುವರು. ಇದೆಲ್ಲವೂ ಒಪ್ಪಿತವಾದರೆ ಅದು ಮಾತ್ರ ಏಕೆ ಒಪ್ಪಿತವಲ್ಲ?

ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮವಾದುದು: ಗೆರಾಲ್ಟನ ದನಿ ಗೆರಾಲ್ಟನದು, ನಟನದಲ್ಲ. ಪಾತ್ರವೆಂಬುದು ಒಮ್ಮೆ ಲೋಕಕ್ಕೆ ಬಂದಮೇಲೆ ರಸಿಕರೆಲ್ಲರ ಸೊತ್ತು. ನಟನು ಅದನ್ನು ತೊಟ್ಟು ಕಳಚಿದವನು. ಕಳಚಿದ ವೇಷದ ಮೇಲೆ ಅವನಿಗೇನು ಹಕ್ಕು?

ಇವುಗಳಿಗೆ ಸಮಾಧಾನ ಹೇಳುವ ಮುನ್ನ ದನಿಯೆಂದರೆ ಏನೆಂಬುದನ್ನು ನಿಶ್ಚಯಿಸಿಕೊಳ್ಳಬೇಕು. ದನಿಯನ್ನು ಸೊತ್ತೆಂದು ಎಣಿಸಿದರೆ ಮೊದಲನೆಯ ವಾದವೇ ಗೆಲ್ಲುವುದು. ಏಕೆಂದರೆ ಪ್ರತಿಮಾಡಿದರೆ ಸವೆಯದ ಸೊತ್ತನ್ನು ಕದ್ದೆವೆಂದು ತೋರಿಸುವುದು ಕಠಿನ. ಆದರೆ ದನಿಯು ಸೊತ್ತಾಗುವುದಕ್ಕೆ ಮೊದಲು ಸಾಕ್ಷಿಯಾಗಿದೆಯೆಂದು ನಮ್ಮ ಅಭಿಪ್ರಾಯ. ಕತ್ತಲೆಯಲ್ಲಿ ಬಾಗಿಲು ತಟ್ಟಿದವನು ‘ನಾನು’ ಎಂದರೆ ಹೆಸರು ಕೇಳದೆ ಅಗುಳಿ ತೆಗೆಯುತ್ತೇವೆ. ಆಡಿದ ಮಾತಿಗೆ ಆಡಿದವನನ್ನು ಕಟ್ಟಿಹಾಕುವ ಹಗ್ಗವೇ ದನಿ. ‘ಕೊಟ್ಟ ಮಾತು’, ‘ಮಾತಿಗೆ ತಪ್ಪಿದವನು’ ಎಂಬ ನುಡಿಗಟ್ಟುಗಳೆಲ್ಲ ಆ ಹಗ್ಗ ಗಟ್ಟಿಯಾಗಿದೆಯೆಂಬ ನಂಬಿಕೆಯ ಮೇಲೆ ನಿಂತಿವೆ. ದನಿಯ ಬೆಲೆ ಅದರ ಇಂಪಿನಲ್ಲಿ ಮಾತ್ರವಿಲ್ಲ. ಅದರ ಹಿಂದೆ ಹೊಣೆಗಾರನೊಬ್ಬನು ಇದ್ದಾನೆಂಬುದರಲ್ಲಿದೆ.

ರಾಮಾಯಣದ ಕವಿಗೆ ಇದು ಚೆನ್ನಾಗಿ ತಿಳಿದಿತ್ತು. ಮಾರೀಚನು ಮಾಡಿದ ಮಾಯೆಗಳು ಎರಡು. ಮೊದಲನೆಯದು ಹೊನ್ನಿನ ಜಿಂಕೆಯ ರೂಪ. ಅದು ಆಸೆಯನ್ನು ಕೆರಳಿಸಿತು. ಎರಡನೆಯದು ಸಾಯುವಾಗ ರಾಮನ ಕಂಠದಲ್ಲಿ ಸೀತೆಯನ್ನೂ ಲಕ್ಷ್ಮಣನನ್ನೂ ಕೂಗಿದುದು. ಅದು ಕರ್ತವ್ಯವನ್ನೇ ಕೆರಳಿಸಿತು. ರೂಪದ ಮೋಸಕ್ಕಿಂತ ಕಂಠದ ಮೋಸವೇ ಹೆಚ್ಚು ಕೇಡನ್ನು ತಂದಿತು. ಅದರಲ್ಲಿಯೂ ಗಮನಿಸತಕ್ಕ ವಿಶೇಷವೊಂದಿದೆ. ಲಕ್ಷ್ಮಣನು ಮೋಸಹೋಗಲಿಲ್ಲ, ಅದು ಅಣ್ಣನ ದನಿಯಲ್ಲವೆಂದು ಅವನು ಖಂಡಿತವಾಗಿ ಹೇಳಿದನು. ಆದರೂ ಅವನು ಹೋಗಬೇಕಾಯಿತು; ಹೋಗುವ ಮುನ್ನ ಸೀತೆಯ ಬಾಯಿಂದ ಕೇಳಬಾರದ ಸಂಶಯದ ಮಾತುಗಳನ್ನು ಕೇಳಬೇಕಾಯಿತು. ಸುಳ್ಳುದನಿಯು ನಂಬಿದವರನ್ನು ಕೆಡಿಸುವುದು ಒಂದು; ನಂಬಿಕೆಗೆ ಪಾತ್ರರಾದ ಇಬ್ಬರ ನಡುವೆ ಸಂಶಯವನ್ನು ಬಿತ್ತುವುದು ಇನ್ನೊಂದು. ಎರಡನೆಯದೇ ಹೆಚ್ಚು ಭಯಂಕರ.

ಭಾರತದಲ್ಲಿ ದ್ರೋಣವಧೆಯ ಪ್ರಸಂಗವೂ ಇದನ್ನೇ ಬೇರೆ ಬಗೆಯಾಗಿ ಹೇಳುತ್ತದೆ. ಅಶ್ವತ್ಥಾಮನು ಸತ್ತನೆಂದು ಭೀಮನು ಕೂಗಿದರೆ ದ್ರೋಣನು ನಂಬಲಿಲ್ಲ. ಅದೇ ಮಾತು ಧರ್ಮರಾಯನ ಬಾಯಿಂದ ಬಂದಾಗ ಬಿಲ್ಲು ಕೈಜಾರಿತು. ಮಾತು ಒಂದೇ, ದನಿಗಳು ಎರಡು, ತೂಕದಲ್ಲಿ ಅಜಗಜಾಂತರ. ಆ ತೂಕವನ್ನು ಧರ್ಮರಾಯನು ಜನ್ಮವೆಲ್ಲ ಸತ್ಯವನ್ನಾಡಿ ಕೂಡಿಸಿದ್ದನು. ನಟನ ಕಂಠಕ್ಕೂ ಹೀಗೆಯೇ ಒಂದು ಕೂಡಿಟ್ಟ ಗಂಟುಂಟು. ಹವ್ಯಾಸಿಗೆ ಯಾವುದಾದರೊಂದು ದನಿ ಸಾಕಾಗಿದ್ದರೆ ತನ್ನದನ್ನೇ ಬಳಸುತ್ತಿದ್ದನು. ಅವನಿಗೆ ಬೇಕಾದುದು ಆ ದನಿಯೇ. ಎಂದರೆ ಅದರ ಹಿಂದಿನ ಸಾಧನೆ, ಅದನ್ನು ಕೇಳಿದೊಡನೆ ಕೇಳುವವನಲ್ಲಿ ಹುಟ್ಟುವ ನಂಬಿಕೆ. ತಾನು ಕೂಡಿಸದ ಗಂಟನ್ನು ತಾನು ಬಿಚ್ಚುತ್ತಿದ್ದೇನೆಂಬುದನ್ನು ಅವನು ಮರೆತಿರುವನು.

ನಮ್ಮ ಕಾಡುಗಳಲ್ಲಿಯೂ ಕಾಫಿತೋಟದ ನೆರಳುಮರಗಳಲ್ಲಿಯೂ ಭೀಮರಾಜನೆಂಬ ಹಕ್ಕಿ ಹತ್ತಾರು ಹಕ್ಕಿಗಳ ದನಿಗಳನ್ನು ಅನುಕರಿಸುವುದನ್ನು ವಾಚಕರಲ್ಲಿ ಅನೇಕರು ಕೇಳಿರಬಹುದು. ಅದರ ಬಳಗದ ಹಕ್ಕಿಯೊಂದು ಆಫ್ರಿಕದ ಕಲಹಾರಿ ಸೀಮೆಯಲ್ಲಿದೆ. ಅಲ್ಲಿಯ ಪ್ರಾಣಿಗಳು ಅಪಾಯವನ್ನು ಕಂಡಾಗ ಕೂಗುವ ಕೂಗನ್ನು ಅದು ಸುಳ್ಳಾಗಿ ಕೂಗಿ, ಅವು ಹೆದರಿ ಓಡಿದಾಗ ಬಿಟ್ಟುಹೋದ ಆಹಾರವನ್ನು ಎತ್ತಿಕೊಳ್ಳುವುದನ್ನು ವಿಜ್ಞಾನಿಗಳು ಕಂಡಿದ್ದಾರೆ. ಒಂದೇ ಕೂಗನ್ನು ಮತ್ತೆ ಮತ್ತೆ ಕೂಗಿದರೆ ಕೇಳುವವು ಲಕ್ಷ್ಯಗೊಡವು. ಆಗ ಹಕ್ಕಿ ಬೇರೊಂದರ ದನಿಗೆ ತಿರುಗುವುದು. ಹಕ್ಕಿಗೆ ಪಾಪಪುಣ್ಯವಿಲ್ಲ. ಆದರೆ ಸುಳ್ಳುದನಿ ಹೆಚ್ಚಿದಂತೆಲ್ಲ ನಿಜದನಿಯ ಬೆಲೆಯೇ ಇಳಿಯುವುದೆಂಬ ಪಾಠವು ಅಲ್ಲಿದೆ. ನಷ್ಟವು ಯಾರಿಗೆಂದು ಕೇಳಿದವರಿಗೆ ಇದೇ ಉತ್ತರ: ನಷ್ಟವು ದನಿಯ ಒಡೆಯನೊಬ್ಬನಿಗೇ ಅಲ್ಲ, ಕಿವಿಯುಳ್ಳವರೆಲ್ಲರಿಗೆ.

ಈಗ ಪೂರ್ವಪಕ್ಷಕ್ಕೆ ಬರೋಣ. ಕಾಫಿಯ ಬೀಜವು ಹೊಸ ನೆಲದಲ್ಲಿ ಬಿದ್ದು ಹೊಸ ಗಿಡವಾಯಿತು. ಅದು ಮೋಖಾದ ಹೆಸರಿನಲ್ಲಿ ಸಾಕ್ಷಿ ಹೇಳಲಿಲ್ಲ. ಪ್ರತಿಮಾಡಿದ ಕಂಠವಾದರೋ ಎಲ್ಲಿಗೆ ಹೋದರೂ ತನ್ನ ಒಡೆಯನ ಮುಖವನ್ನೇ ಹೊತ್ತು ಹೋಗುವುದು. ನೇತ್ರದಾನದೊಡನೆ ಹೋಲಿಸಿದರೆ ಇದು ಇನ್ನೂ ಸ್ಪಷ್ಟವಾಗುವುದು. ೨೦೨೧ರ ಅಕ್ಟೋಬರ್ ೨೯ರಂದು ನಟ ಪುನೀತ್ ರಾಜ್‌ಕುಮಾರ್ ಅವರು ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನಮಾಡಲಾಯಿತು. ಅವುಗಳಿಂದ ನಾಲ್ವರಿಗೆ ದೃಷ್ಟಿ ಬಂದಿತು. ಆ ಕಣ್ಣು ಪಡೆದವನು ನೋಡಿದುದನ್ನು ಪುನೀತರು ನೋಡಿದರೆಂದು ಯಾರೂ ಹೇಳುವುದಿಲ್ಲ, ಕಣ್ಣು ಪಡೆದವನದಾಗಿಹೋಯಿತು. ಕಂಠವು ಹಾಗೆ ಪಡೆದವನದಾಗದು. ಆದುದರಿಂದಲೇ ಕಂಠದಾನದಲ್ಲಿ ನೇತ್ರದಾನಕ್ಕಿಂತಲೂ ಹೆಚ್ಚಿನ ಎಚ್ಚರಿಕೆ ಬೇಕು.

ಅರ್ಥಧಾರಿಯ ದೃಷ್ಟಾಂತವಾದರೋ ನಮ್ಮ ಪಕ್ಷಕ್ಕೇ ಸಹಾಯಕವಾಗಿದೆ. ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯಾಗಿ ರಾಮನನ್ನು ಪ್ರಶ್ನಿಸಿದಾಗ, ಆ ಪ್ರಶ್ನೆಯ ಹೊಣೆಯನ್ನು ಶೇಣಿಯವರೇ ಹೊತ್ತಿದ್ದರು. ಕೇಳುವವರೂ ಹಾಗೆಂದೇ ತಿಳಿದಿದ್ದರು. ಪಾತ್ರ ಪುರಾಣದ್ದು, ಕಂಠ ತಮ್ಮದು. ಅವರು ವಾಲಿಗೆ ತಮ್ಮ ಕಂಠವನ್ನು ಕೊಟ್ಟರು. ಹವ್ಯಾಸಿಯು ಮಾಡುವುದು ಇದರ ತಿರುಗುಮುರುಗು: ಮಾತು ತನ್ನದು, ಕಂಠ ಪರರದು. ಮಾತಿಗೆ ಹೊಣೆಯಾದವನು ಮರೆಯಲ್ಲಿರುವನು. ಹೊಣೆಯಲ್ಲದವನು ಬಯಲಿನಲ್ಲಿ ನಿಂತಿರುವನು. ಇತರರ ದನಿಯನ್ನು ಅಣಕಿಸಿ ನಗಿಸುವ ಕಲಾವಿದನೂ ತನ್ನ ಮುಖವನ್ನು ಸಭೆಗೆ ತೋರಿಸಿಯೇ ಅಣಕಿಸುವನು. ತೋರಿಸದೆ ಅಣಕಿಸಿದವನು ಮಾರೀಚನು.

ಪಾತ್ರದ ದನಿ ಪಾತ್ರದ್ದೇ ಎಂಬ ಮೂರನೆಯ ವಾದಕ್ಕೆ ನಮ್ಮ ಚಿತ್ರರಂಗದಲ್ಲಿಯೇ ಉತ್ತರವಿದೆ. ಬಹುಕಾಲ ರಾಜ್‌ಕುಮಾರ್ ಅವರ ಮುಖಕ್ಕೆ ಪಿ. ಬಿ. ಶ್ರೀನಿವಾಸ್ ಅವರ ಹಾಡುದನಿ ಎಷ್ಟು ಹೊಂದಿಕೊಂಡಿತ್ತೆಂದರೆ, ಅವೆರಡೂ ಬೇರೆಯೆಂಬುದನ್ನೇ ಪ್ರೇಕ್ಷಕರು ಮರೆತಿದ್ದರು. ೧೯೭೪ರಲ್ಲಿ ತೆರೆಕಂಡ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ರಾಜ್‌ಕುಮಾರರೇ ಹಾಡಿದರು. ಆ ಮುಖಕ್ಕೆ ಬೇರೆ ದನಿಯೂ ಒಪ್ಪಬಲ್ಲುದೆಂದು ಜನ ಕಂಡರು. ಪಾತ್ರಕ್ಕೂ ದನಿಗೂ ಇರುವ ಗಂಟು ಕೇಳುವವರ ರೂಢಿಯಿಂದ ಬಿದ್ದುದು. ರೂಢಿಯಿಂದ ಪ್ರೀತಿ ಹುಟ್ಟುವುದು ನಿಜ. ರೂಢಿಯಿಂದ ಒಡೆತನ ಹುಟ್ಟುವುದಿಲ್ಲ. ಗೆರಾಲ್ಟನು ಹೊಸ ಕಂಠದಲ್ಲಿ ಮಾತನಾಡಿದರೆ ಮೊದಮೊದಲು ಕಿವಿಗೆ ಒಗ್ಗದಿರಬಹುದು. ಒಗ್ಗದಿರುವುದು ಅಡಚಣೆ, ಅದು ಅಪ್ಪಣೆಯಾಗಲಾರದು.

ದಾನದ ನಿಯಮಗಳನ್ನು ನಮ್ಮ ಧರ್ಮಶಾಸ್ತ್ರಕಾರರು ಬಹು ಸೂಕ್ಷ್ಮವಾಗಿ ವಿಚಾರಿಸಿದ್ದಾರೆ. ನಾರದಸ್ಮೃತಿಯು ದಾನಮಾಡಬಾರದ ವಸ್ತುಗಳನ್ನು ಎಣಿಸುವಾಗ, ಎರವಲು ತಂದುದು, ಅಡವಿಟ್ಟುಕೊಂಡುದು, ನಂಬಿ ಇಟ್ಟ ನಿಕ್ಷೇಪ, ಹಲವರಿಗೆ ಸೇರಿದ ಸಾಧಾರಣದ್ರವ್ಯ ಇವುಗಳನ್ನು ಹೇಳುತ್ತದೆ. ನಟನು ಒಂದು ಪಾತ್ರಕ್ಕೆಂದು, ಒಂದು ಕಥೆಗೆಂದು ನುಡಿದುಕೊಟ್ಟ ದನಿಯು ಆಟದ ಸಂಸ್ಥೆಯ ಕೈಯಲ್ಲಿ ಒಂದು ಬಗೆಯ ನಿಕ್ಷೇಪ. ಆಟವನ್ನು ಕೊಂಡವನ ಮನೆಯಲ್ಲಿ ಅದು ಎರವಲು. ಕೇಳುವುದಕ್ಕೆ ಅದು ನಮ್ಮದು, ಹಂಚುವುದಕ್ಕೆ ನಮ್ಮದಲ್ಲ. ಅದೇ ಸ್ಮೃತಿಯು ಕೊಟ್ಟರೂ ಕೊಟ್ಟಂತಾಗದ ದಾನಗಳನ್ನೂ ಹೇಳುತ್ತದೆ: ಭಯದಿಂದ ಕೊಟ್ಟುದು, ಶೋಕದಿಂದ ಕೊಟ್ಟುದು, ಪರಿಹಾಸದಲ್ಲಿ ಕೊಟ್ಟುದು, ವಂಚನೆಗೊಳಗಾಗಿ ಕೊಟ್ಟುದು, ಬಾಲನೂ ಮೂಢನೂ ಪರಾಧೀನನೂ ಕೊಟ್ಟುದು. ಹಳೆಯ ಗ್ರಂಥದ ಎಲ್ಲ ಕಟ್ಟಳೆಗಳೂ ಇಂದಿಗೆ ಸಲ್ಲಬೇಕೆಂದು ನಾವು ಹೇಳುವವರಲ್ಲ. ಆದರೆ ಈ ಪಟ್ಟಿಯನ್ನು ನೋಡಿದರೆ, ‘ಒಪ್ಪಿಗೆ ಕೊಟ್ಟಿದ್ದಾರೆ’ ಎಂಬ ಒಂದು ಮಾತಿನಿಂದಲೇ ಎಲ್ಲವೂ ಸರಿಯಾಗದೆಂಬುದು ತಿಳಿಯುವುದು.

ಇಂದಿನ ನ್ಯಾಯಾಲಯಗಳೂ ಈ ದಾರಿಯಲ್ಲಿಯೇ ಹೆಜ್ಜೆಯಿಟ್ಟಿವೆ. ನಮ್ಮ ಕೃತಿಸ್ವಾಮ್ಯದ ಕಾನೂನಿಗೆ ೨೦೧೨ರಲ್ಲಿ ಆದ ತಿದ್ದುಪಡಿಯು, ತನ್ನ ಪ್ರದರ್ಶನವನ್ನು ಕೀರ್ತಿಗೆ ಕುಂದಾಗುವಂತೆ ವಿರೂಪಗೊಳಿಸಿದರೆ ಆಕ್ಷೇಪಿಸುವ ಹಕ್ಕನ್ನು ಕಲಾವಿದನಿಗೆ ಕೊಟ್ಟಿತು. ೨೦೨೪ರಲ್ಲಿ ಗಾಯಕ ಅರಿಜಿತ್ ಸಿಂಗ್ ಅವರ ದೂರಿನ ಮೇಲೆ ಮುಂಬಯಿಯ ಉಚ್ಚ ನ್ಯಾಯಾಲಯವು, ಅಪ್ಪಣೆಯಿಲ್ಲದೆ ಯಂತ್ರದಿಂದ ಅವರ ಕಂಠವನ್ನು ಪ್ರತಿಮಾಡದಂತೆ ತಡೆಯಿತು. ಅಮೆರಿಕದಲ್ಲಿ ಆಟಗಳಿಗೆ ದನಿಕೊಡುವ ಕಲಾವಿದರು ಮುಖ್ಯವಾಗಿ ಇದೇ ವಿಷಯಕ್ಕಾಗಿ ೨೦೨೪ರ ಜುಲೈಯಿಂದ ೨೦೨೫ರ ಜುಲೈವರೆಗೆ ಮುಷ್ಕರ ಹೂಡಿದ್ದರು. ಆದರೆ ಕಾನೂನು ಪ್ರಸಿದ್ಧರ ಬಾಗಿಲನ್ನು ಮೊದಲು ಕಾಯುವುದು. ಪ್ರಸಿದ್ಧರಲ್ಲದವರ ಕಂಠಕ್ಕೆ ನೆರೆಯವರ ಮನಸ್ಸಾಕ್ಷಿಯೇ ಕಾವಲು.

ತೀರಿಕೊಂಡವರ ವಿಷಯ ಇನ್ನೂ ಕಠಿನವಾದುದು. ಪುನೀತ್ ಅವರು ‘ಜೇಮ್ಸ್’ ಎಂಬ ಚಿತ್ರದಲ್ಲಿ ಅಭಿನಯಿಸಿದ್ದರು. ಅದಕ್ಕೆ ದನಿಕೊಡುವ ಮುನ್ನವೇ ಕಾಲವಶರಾದರು. ೨೦೨೨ರ ಮಾರ್ಚ್ ೧೭ರಂದು, ಅವರ ಹುಟ್ಟುಹಬ್ಬದ ದಿನ, ಚಿತ್ರವು ಹೊರಬಂದಾಗ ತಮ್ಮನ ತುಟಿಗಳಿಗೆ ಅಣ್ಣ ಶಿವರಾಜ್‌ಕುಮಾರ್ ಅವರು ದನಿಯಾದರು. ಕಂಠದಾನವೆಂಬ ಮಾತು ಅಷ್ಟು ಸಾರ್ಥಕವಾದ ಸಂದರ್ಭ ಮತ್ತೊಂದನ್ನು ಕಾಣುವುದು ಕಷ್ಟ. ಮರುತಿಂಗಳು, ಯಂತ್ರವಿದ್ಯೆಯ ಸಹಾಯದಿಂದ ಪುನೀತರದೇ ದನಿಯನ್ನು ಹೊಂದಿಸಿದ ಚಿತ್ರವನ್ನೂ ತೋರಿಸಲಾಯಿತು. ಇಲ್ಲಿ ತಪ್ಪಿದೆಯೆಂದು ನಮಗೆ ತೋರುವುದಿಲ್ಲ. ಏಕೆಂದರೆ ಆ ಮಾತುಗಳನ್ನು ಆಡುವುದಕ್ಕೆ ಅವರು ಒಪ್ಪಿದ್ದರು. ಆ ಮಾತುಗಳಿಗಾಗಿಯೇ ಅವರ ತುಟಿಗಳು ಅಲುಗಿದ್ದವು. ಅರ್ಧದಲ್ಲಿ ನಿಂತ ಅವರ ಕೆಲಸವನ್ನೇ ಯಂತ್ರವು ಮುಗಿಸಿತು. ನಡೆದುದೇನೆಂಬುದನ್ನು ನೋಡುವವರೆಲ್ಲರೂ ತಿಳಿದಿದ್ದರು.

ಆಟಗಳ ಲೋಕದಲ್ಲಿಯೂ ಇದಕ್ಕೆ ಹತ್ತಿರವಾದುದೊಂದು ಉಂಟು. ‘ಸೈಬರ್‌ಪಂಕ್ ೨೦೭೭’ ಎಂಬ ಆಟಕ್ಕೆ ಪೋಲಿಷ್ ಭಾಷೆಯಲ್ಲಿ ಧ್ವನಿಯಿತ್ತ ಮಿವೊಗೋಸ್ಟ್ ರೆಚೆಕ್ ಎಂಬ ನಟರು ೨೦೨೧ರಲ್ಲಿ ತೀರಿಕೊಂಡರು. ೨೦೨೩ರಲ್ಲಿ ಅದೇ ಪಾತ್ರಕ್ಕೆ ಹೊಸ ಮಾತುಗಳು ಬೇಕಾದಾಗ, ಸಂಸ್ಥೆಯವರು ಅವರ ಮಕ್ಕಳ ಅಪ್ಪಣೆಯನ್ನು ಪಡೆದು, ಬೇರೊಬ್ಬ ನಟರಿಂದ ಮಾತನಾಡಿಸಿ, ಅದನ್ನು ಯಂತ್ರದಿಂದ ರೆಚೆಕ್ ಅವರ ದನಿಗೆ ತಿರುಗಿಸಿದರು. ೨೦೨೪ರಲ್ಲಿ ಎ. ಆರ್. ರೆಹಮಾನ್ ಅವರು ತೀರಿಕೊಂಡ ಇಬ್ಬರು ಗಾಯಕರ ದನಿಗಳನ್ನು ತಮಿಳಿನ ‘ಲಾಲ್ ಸಲಾಂ’ ಚಿತ್ರದ ಹಾಡಿಗೆ ಬಳಸಿದಾಗ, ಕುಟುಂಬದವರ ಒಪ್ಪಿಗೆ ಪಡೆದು ಸಂಭಾವನೆಯನ್ನೂ ಕೊಟ್ಟುದಾಗಿ ತಿಳಿಸಿದರು. ಇವು ಮರ್ಯಾದೆಯ ನಡೆಗಳು. ಆದರೂ ಒಂದು ಭೇದವನ್ನು ಮರೆಯಬಾರದು. ಹಿಂದೆ ಆಡಲೊಪ್ಪಿದ ಮಾತನ್ನು ಪೂರ್ತಿಮಾಡುವುದು ಬೇರೆ, ಎಂದೂ ಕಾಣದ ಮಾತನ್ನು ಆಡಿಸುವುದು ಬೇರೆ. ಮಕ್ಕಳು ತಂದೆಯ ಮನೆಗೆ ಬಾಧ್ಯರು, ಸಾಲಕ್ಕೆ ಬಾಧ್ಯರು. ತಂದೆಯ ನಾಲಗೆಗೂ ಬಾಧ್ಯರೋ? ಶ್ರಾದ್ಧದಲ್ಲಿ ನಾವು ಪಿತೃಗಳಿಗೆ ಅನ್ನವನ್ನಿಡುತ್ತೇವೆ. ಅವರ ಬಾಯಲ್ಲಿ ಮಾತನ್ನಿಡುವುದಿಲ್ಲ. ಜೀವಂತರಾಗಿದ್ದಾಗಲೇ ಹೀಗೆ ಮಾಡಬಹುದು, ಹೀಗೆ ಮಾಡಬಾರದು ಎಂದು ಕಲಾವಿದರು ಬರೆದಿಡುವ ಪದ್ಧತಿ ಬರುವುದು ಲೇಸು. ಬರೆದಿಡದಿದ್ದರೆ ಮೌನವನ್ನು ಒಪ್ಪಿಗೆಯೆಂದು ತಿಳಿಯದಿರುವುದು ಲೇಸು.

ಇಷ್ಟಾದಮೇಲೆ ನಮ್ಮ ಮನೆಯ ಅಂಗಳದ ಮಾತು. ಮೂಡಿಗೆರೆಯ ಕಡೆಯ ಯುವಕನೊಬ್ಬನು ಒಂದು ಆಟಕ್ಕೆ ನಮ್ಮ ಬೆಟ್ಟಗಳ ಕಥೆಯನ್ನು ಸೇರಿಸಹೊರಟನೆಂದು ಇಟ್ಟುಕೊಳ್ಳೋಣ. ಅದರಲ್ಲಿ ತೋಟದ ರೈಟರು ಬೇಕು, ಹಣ್ಣು ಕೊಯ್ಯುವ ಹೆಂಗಸರು ಬೇಕು, ದೆವ್ವದ ಕಥೆ ಹೇಳುವ ಅಜ್ಜಿ ಬೇಕು. ಎಲ್ಲರೂ ಕನ್ನಡದಲ್ಲಿ ಮಾತನಾಡಬೇಕು. ಅವನಲ್ಲಿ ಹಣವಿಲ್ಲ. ದೊಡ್ಡ ಸಂಸ್ಥೆಗಳು ಕನ್ನಡದ ಮಾತಿಗಾಗಿ ಖರ್ಚುಮಾಡುವುದು ವಿರಳ. ಯಂತ್ರವನ್ನು ಅವನಿಂದ ಕಿತ್ತುಕೊಂಡರೆ ಅವನ ಪಾತ್ರಗಳು ಇಂಗ್ಲಿಷಿನಲ್ಲಿ ಮಾತನಾಡುವುವು, ಇಲ್ಲವೆ ಮೂಕವಾಗುವುವು. ಪೂರ್ವಪಕ್ಷದಲ್ಲಿ ನಿಜವಾಗಿ ಮನಸ್ಸನ್ನು ಕಲಕುವ ಮಾತು ಇದೊಂದೇ. ಸಣ್ಣ ಭಾಷೆಗೆ ದೊರೆತ ದೊಡ್ಡ ಅನುಕೂಲವನ್ನು ಧರ್ಮದ ಹೆಸರಿನಲ್ಲಿ ಕಳೆದುಕೊಳ್ಳಬೇಕೆ?

ಕಳೆದುಕೊಳ್ಳಬೇಕಾದುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ‘ಸಿಸ್ಪಿನ್’ ಎಂಬ ಯೋಜನೆಯಲ್ಲಿ ಕನ್ನಡವೂ ಸೇರಿ ಒಂಬತ್ತು ಭಾಷೆಗಳಲ್ಲಿ, ಯಂತ್ರಕ್ಕೆ ಮಾತು ಕಲಿಸುವುದಕ್ಕೆಂದೇ ಕಲಾವಿದರಿಂದ ಓದಿಸಿ, ಆ ದನಿಗಳನ್ನು ಎಲ್ಲರ ಬಳಕೆಗೆ ಬಿಟ್ಟಿದ್ದಾರೆ. ಅಲ್ಲಿ ಓದಿದವರು ತಾವು ಏನನ್ನು ಕೊಡುತ್ತಿದ್ದೇವೆಂದು ತಿಳಿದು ಕೊಟ್ಟವರು. ಅದು ದಾತನಿರುವ ದಾನ. ಓದಿದ ಕನ್ನಡಕ್ಕೂ ಕಳಸದ ಕಡೆಯ ಆಡುಮಾತಿಗೂ ಅಂತರವಿರುವುದು ನಿಜ. ಆ ಅಂತರವನ್ನು ತುಂಬುವುದಕ್ಕೆ ಅವನ ಗಂಟಲಿದೆ, ಗೆಳೆಯರ ಗಂಟಲಿದೆ, ಮನೆಯ ಅಜ್ಜಿಯ ಗಂಟಲಿದೆ. ತೊಗಲುಗೊಂಬೆಯವನಿಗೆ ಇದಕ್ಕಿಂತ ಹೆಚ್ಚಿನ ಸಾಮಗ್ರಿ ಎಂದೂ ಇರಲಿಲ್ಲ. ಪ್ರಸಿದ್ಧರ ಕಂಠವನ್ನು ಬಿಟ್ಟುದರಿಂದ ಅವನ ಕಥೆಗೆ ಕಡಮೆಯಾಗುವುದು ಇಷ್ಟೇ: ತಾನು ಸಂಪಾದಿಸದ ಖ್ಯಾತಿ.

ಆದರೆ ಕೇಳಿ ಪಡೆಯುವುದರಲ್ಲಿಯೂ ಅವನು ಎಚ್ಚರವಾಗಿರಬೇಕು. ತೋಟದ ಯಜಮಾನನ ಮಗನು ಲೈನಿನ ಮನೆಯ ಹೆಂಗಸಿನ ಮುಂದೆ ಫೋನನ್ನು ಹಿಡಿದು, ‘ನಾಲ್ಕು ಮಾತು ಆಡು’ ಎಂದರೆ, ಅವಳು ಆಡಿಯೇ ಆಡುವಳು. ಒಲ್ಲೆನೆನ್ನುವುದು ಅವಳಿಗೆ ಸುಲಭವಲ್ಲ. ಆ ನಾಲ್ಕು ಮಾತಿನಿಂದ ನಾಲ್ಕು ಸಾವಿರ ಮಾತುಗಳನ್ನು ಹುಟ್ಟಿಸಬಹುದೆಂಬುದನ್ನು ಅವಳು ಬಲ್ಲಳೆ? ಪರಾಧೀನರು ಕೊಟ್ಟುದು ಕೊಟ್ಟಂತಲ್ಲವೆಂದು ಸ್ಮೃತಿಕಾರನು ಹೇಳಿದುದು ಇಲ್ಲಿ ಅಕ್ಷರಶಃ ಸಲ್ಲುವುದು. ಏನು ಮಾಡುತ್ತೇನೆಂದು ಅವಳ ಭಾಷೆಯಲ್ಲಿ ತಿಳಿಸಬೇಕು, ಮಾಡಿದುದನ್ನು ಅವಳಿಗೆ ಕೇಳಿಸಬೇಕು, ಬೇಡವೆಂದರೆ ಅಳಿಸಬೇಕು, ಹಣ ಬಂದರೆ ಪಾಲುಕೊಡಬೇಕು, ಆಟದ ಕೊನೆಯಲ್ಲಿ, ಅವಳು ಒಪ್ಪಿದರೆ, ಅವಳ ಹೆಸರನ್ನು ಕಾಣಿಸಬೇಕು. ಆಟಗಾರರಿಗೂ ಇದು ಯಂತ್ರದ ನುಡಿಯೆಂದು ಮೊದಲೇ ಹೇಳಬೇಕು. ಏಕೆಂದರೆ ಕಂಠದಾನದಲ್ಲಿ ಕೊಡುವವನು, ಕೊಳ್ಳುವವನು ಇವರಲ್ಲದೆ ಕೇಳುವವನೆಂಬ ಮೂರನೆಯವನೊಬ್ಬನಿದ್ದಾನೆ. ಮೋಸಹೋಗದಿರುವುದು ಅವನ ಹಕ್ಕು.

ಹೀಗೆ ಕೇಳಿ ನಡೆಯುವುದು ತಡವಾದ ದಾರಿ, ನಿಜ. ಬಾಳೆಹೊನ್ನೂರಿನ ಬಳಿ ೧೯೨೫ರಲ್ಲಿ ಹುಟ್ಟಿದ ಕಾಫಿ ಸಂಶೋಧನಾಲಯದಿಂದ ಇಂದು ಬೆಳೆಗಾರರು ಬೀಜವನ್ನು ತರುತ್ತಾರೆ. ಪ್ರತಿಯೊಂದು ತಳಿಗೂ ಅಲ್ಲಿ ಒಂದು ಹೆಸರುಂಟು, ಅದರ ತಾಯಿತಂದೆಗಳ ಲೆಕ್ಕವುಂಟು. ಗುಟ್ಟಾಗಿ ಬಂದ ಏಳು ಬೀಜಗಳ ನಾಡಿನಲ್ಲಿ ಇಂದು ಬೀಜವು ವಂಶಾವಳಿಯೊಡನೆ ಬಹಿರಂಗವಾಗಿ ಕೈಬದಲಾಗುತ್ತಿದೆ. ಅದರಿಂದ ಬೆಳೆಗೇನೂ ಕುಂದಾಗಿಲ್ಲ. ಕಾಫಿಯ ಬೀಜಕ್ಕೆ ನಾವು ಸಲ್ಲಿಸುವಷ್ಟು ಮರ್ಯಾದೆಯನ್ನು ಮನುಷ್ಯನ ಕಂಠಕ್ಕೂ ಸಲ್ಲಿಸಿದರೆ, ಹೊಸ ಯಂತ್ರದಿಂದ ಕನ್ನಡಕ್ಕೆ ಒಳ್ಳೆಯದೇ ಆದೀತು. ಅದಕ್ಕೆ ಬೇಕಾದುದು, ದನಿಯನ್ನು ಪಡೆಯುವ ಮುನ್ನ ದನಿಯುಳ್ಳವರನ್ನು ಒಂದು ಮಾತು ಕೇಳುವುದು.